ಒಗರಿನ ಮಾತು

ದ್ರಾಕ್ಷಿಯನ್ನು ಹುದುಗು ಬರಿಸಿ ಮಾಡಿದ ರಸ ನಮ್ಮ ಮನೆಗಳಿಗೆ ಹೊಸದೇನಲ್ಲ. ದ್ರಾಕ್ಷಾಸವದ ಬಾಟಲಿ ಎಷ್ಟೋ ಮನೆಗಳ ಕಪಾಟಿನಲ್ಲಿ ಇದೆ. ಬಾಣಂತಿಗೆ ದಶಮೂಲಾರಿಷ್ಟ ಕುಡಿಸದ ತವರುಮನೆ ನಮ್ಮ ಕಡೆ ಅಪರೂಪ. ದ್ರಾಕ್ಷಿ, ಬೆಲ್ಲ, ಧಾತಕಿ ಹೂ ಇವನ್ನೆಲ್ಲ ಕೂಡಿಸಿ ಮುಚ್ಚಿಟ್ಟರೆ ಕೆಲವು ವಾರಗಳಲ್ಲಿ ಅದರೊಳಗೆ ಮದ್ಯಸಾರ ತಾನಾಗಿಯೇ ಹುಟ್ಟುತ್ತದೆ. ಬಾಟಲಿಯ ಚೀಟಿಯ ಮೇಲೆ ಸಣ್ಣ ಅಕ್ಷರಗಳಲ್ಲಿ ಅದನ್ನು ಅಚ್ಚು ಹಾಕಿಸಿಯೂ ಇರುತ್ತಾರೆ. ಊಟವಾದ ಮೇಲೆ ಅಷ್ಟೇ ನೀರು ಬೆರೆಸಿಕೊಂಡು ಎರಡು ಚಮಚೆ ಕುಡಿಯುವ ಅತ್ತೆಯವರಿಗೆ ಆ ಸಣ್ಣ ಅಕ್ಷರವನ್ನು ಓದಿ ಹೇಳುವ ಧೈರ್ಯ ಮಾತ್ರ ಯಾವ ಸೊಸೆಗೂ ಇಲ್ಲ. ಆದರೆ ಅದೇ ಮನೆಯಲ್ಲಿ 'ವೈನ್' ಎಂಬ ಶಬ್ದ ಬಂದರೆ ಎಲ್ಲರೂ ಒಮ್ಮೆ ಬಾಗಿಲ ಕಡೆ ನೋಡುತ್ತಾರೆ, ಯಾರಾದರೂ ಕೇಳಿಸಿಕೊಂಡರೇನೋ ಎಂದು.

ಇದಕ್ಕೆ ಕಾರಣವೂ ಇದೆ. ನಮ್ಮ ತಾಲ್ಲೂಕು ಊರುಗಳಲ್ಲಿ 'ವೈನ್ಸ್' ಎಂದು ದೊಡ್ಡ ಬೋರ್ಡು ಹಾಕಿದ ಅಂಗಡಿಗಳಲ್ಲಿ ವಿಸ್ಕಿ ಸಿಗುತ್ತದೆ, ರಮ್ಮು ಸಿಗುತ್ತದೆ, ಬೀರು ಸಿಗುತ್ತದೆ. ಬಹಳ ಮಟ್ಟಿಗೆ ಸಿಗದ ವಸ್ತು ವೈನ್ ಒಂದೇ. ಹೆಸರು ಒಂದು, ಸರಕು ಇನ್ನೊಂದು. ಆದ್ದರಿಂದ ನಮ್ಮ ಹೆಣ್ಣುಮಕ್ಕಳಿಗೆ ವೈನ್ ಎಂದರೆ ಆ ಅಂಗಡಿಯ ಮುಂದಿನ ಗದ್ದಲ, ಅಲ್ಲಿಂದ ತೂರಾಡುತ್ತ ಬರುವವರು, ಆ ದಾರಿ ತಪ್ಪಿಸಿ ಸುತ್ತು ಹಾಕಿಕೊಂಡು ಹೋಗುವ ಸಂಜೆ, ಇಷ್ಟೇ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮದೇ ಮಕ್ಕಳ ಮಾತಿನಲ್ಲಿ ಮಾತ್ರ ಅದು ಬೇರೆಯೇ. ಅಲ್ಲಿ ವೈನ್ ಎಂದರೆ ನಾಗರಿಕತೆ, ರುಚಿ, ಜ್ಞಾನ. ಒಂದು ಕಡೆ ಹೆದರಿಕೆ, ಇನ್ನೊಂದು ಕಡೆ ಬೆರಗು. ಹೆದರಿದವರೂ ಬೆರಗಾದವರೂ ವಸ್ತುವಿಗೆ ಬೆಲೆ ಕಟ್ಟಲಾರರು. ಸೀರೆಯ ಸೆರಗನ್ನು ಬೆರಳಲ್ಲಿ ಉಜ್ಜಿ ಇಳಕಲ್ಲಿನದು ಹೌದೋ ಅಲ್ಲವೋ ಹೇಳುವ, ಜೋಳದ ಕಾಳನ್ನು ಅಂಗೈಯಲ್ಲಿ ಹಿಡಿದು ರೊಟ್ಟಿ ಹೇಗಾದೀತೆಂದು ಹೇಳುವ ನಾವು ಈ ಒಂದು ವಸ್ತುವಿನ ಮುಂದೆ ಮಾತಿಲ್ಲದೆ ನಿಂತಿದ್ದೇವೆ. ಆ ಮಾತನ್ನು ಹುಡುಕುವುದಕ್ಕಾಗಿ, ನಮ್ಮ ನಾಡಿನಲ್ಲಿಯೇ ಆದ ಒಂದು ಕೆಂಪು ವೈನನ್ನು, ಪುಸ್ತಕವನ್ನು ವಿಮರ್ಶಿಸುವ ಹಾಗೆ ವಿಮರ್ಶಿಸಬೇಕೆಂದಿದ್ದೇನೆ.

ನಮ್ಮ ಸಾಹಿತ್ಯದಿಂದ ಇದಕ್ಕೆ ಹೆಚ್ಚು ಸಹಾಯವಿಲ್ಲ. ಜಿ. ಪಿ. ರಾಜರತ್ನಂ ಅವರ ರತ್ನ ಕನ್ನಡಿಗರೆಲ್ಲರ ನೆಂಟ. ಆದರೆ ಅಲ್ಲಿರುವುದು ಕುಡುಕನ ಮನಸ್ಸು. ಅವನು ಕುಡಿದ ಹೆಂಡ ಯಾವ ಮರದ್ದು, ಇಳಿಸಿದವರಾರು, ಹುಳಿಯಿತ್ತೋ ಸಿಹಿಯಿತ್ತೋ ಎಂಬುದು ಆ ಪದಗಳ ಕಾಳಜಿಯಲ್ಲ. ಪುಟ್ನಂಜಿಯನ್ನು ರತ್ನ ಬಾಯಿತುಂಬ ಹೊಗಳುತ್ತಾನೆ, ಆದರೆ ಅವಳಿಗೆ ಈ ಹೆಂಡದ ಬಗ್ಗೆ ಏನನ್ನಿಸಿತ್ತು ಎಂದು ಕೇಳುವ ಆಸೆ ನನಗೆ ಯಾವಾಗಲೂ ಆಗುತ್ತದೆ. ಡಿ. ವಿ. ಜಿ. ಯವರ 'ಉಮರನ ಒಸಗೆ'ಯಲ್ಲಿ ದ್ರಾಕ್ಷಾರಸ ಹರಿಯುತ್ತದೆ, ಆದರೆ ಅದು ಬಟ್ಟಲಿನಲ್ಲಿ ನಿಲ್ಲದೆ ತತ್ತ್ವವಾಗಿ ಮೇಲೆ ಏರಿಬಿಡುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬ ವಚನಕಾರರಿದ್ದರು. ಹೆಂಡ ಮಾರುವ ಕಾಯಕದವನಿಗೂ ಹೆಸರುಂಟು, ಮಾತುಂಟು ಎಂದು ಒಪ್ಪಿದ ಕಾಲವದು. ಅದಾದ ಮೇಲೆ ಮಾಡುವವರ ಹೆಸರನ್ನು ನಾವು ಮರೆತೆವು, ಕುಡಿಯುವವರ ಹೆಸರನ್ನಷ್ಟೇ ನೆನಪಿಟ್ಟೆವು.

ನಮ್ಮ ಶಹಾಪುರ, ಸುರಪುರದ ಸೀಮೆಯಲ್ಲಿ ಕುಡಿತದ ಕಥೆ ಹೀಗೆ ಹೆಸರಿಲ್ಲದೆ ಸಾಗಿದ ಕಥೆಯೇ. ಈಚಲ ಮರದ ಸೇಂದಿ, ನಿಜಾಮರ ಕಾಲದ ಅಬಕಾರಿ ಗುತ್ತಿಗೆ, ಅದಾದ ಮೇಲೆ ಸಾರಾಯಿ. ಪ್ಲಾಸ್ಟಿಕ್ ಪ್ಯಾಕೀಟಿನ ಆ ಸಾರಾಯಿಯನ್ನು ಯಾರು ಮಾಡಿದರು, ಯಾವುದರಿಂದ ಮಾಡಿದರು ಎಂದು ಕುಡಿದವನೂ ಕೇಳಲಿಲ್ಲ, ಅವನ ಹೆಂಡತಿಯೂ ಕೇಳಲಿಲ್ಲ. ಅವಳು ಕೇಳಿದ್ದು ಕೂಲಿಯ ದುಡ್ಡು ಎಲ್ಲಿ ಎಂದು ಮಾತ್ರ. ಸಂತೆಯ ಮರುದಿನ ತರಗತಿಯಲ್ಲಿ ನಿದ್ದೆಗಣ್ಣಿನಿಂದ ಕೂತ ಮಕ್ಕಳನ್ನು ನೋಡಿದ ಯಾವ ಶಿಕ್ಷಕಿಗೂ ರಾತ್ರಿ ಮನೆಯಲ್ಲಿ ಏನಾಗಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಕರ್ನಾಟಕ ಸರ್ಕಾರ 2007ರ ಜುಲೈ 1ರಿಂದ ಸಾರಾಯಿಯನ್ನು ನಿಲ್ಲಿಸಿತು. ಆ ಜಾಗಕ್ಕೆ ಅಗ್ಗದ ವಿಸ್ಕಿ ಬಂದು ಕೂತಿತು. ಅದೇ 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆಗೆ ಮತ್ತು ವೈನಿಗೆಂದು ಒಂದು ನೀತಿಯನ್ನು ತಂದು, ದ್ರಾಕ್ಷಾರಸ ಮಂಡಳಿಯನ್ನು ಸ್ಥಾಪಿಸಿತು. ಒಂದೇ ವರ್ಷದಲ್ಲಿ ಒಂದು ಬಾಗಿಲು ಮುಚ್ಚಿತು, ಇನ್ನೊಂದು ತೆರೆಯಿತು. ಬಡವನ ಕುಡಿತಕ್ಕೆ 'ಚಟ' ಎಂದೂ, ಉಳ್ಳವನ ಕುಡಿತಕ್ಕೆ 'ಸಂಸ್ಕೃತಿ' ಎಂದೂ ಹೆಸರಿಡುವ ಕಾಲದಲ್ಲಿ ಇದನ್ನು ಮರೆತು ವೈನಿನ ವಿಮರ್ಶೆ ಮಾಡಿದರೆ ಅದು ಅರ್ಧ ವಿಮರ್ಶೆಯಾದೀತು.

ಈಗ ಬಾಟಲಿಗೆ ಬರೋಣ. ಅದರ ಹೆಸರು 'ಲಾ ರಿಸರ್ವ್'. ಹುಟ್ಟಿದ್ದು ನಂದಿಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಹತ್ತಿರ. ಈ ತೋಟವನ್ನು ಕಟ್ಟಿದವರು ಕನ್ವಲ್ ಗ್ರೋವರ್ ಎಂಬ ವ್ಯಾಪಾರಿ. ಯಂತ್ರಗಳ ವ್ಯವಹಾರಕ್ಕಾಗಿ ಮೇಲಿಂದ ಮೇಲೆ ಫ್ರಾನ್ಸಿಗೆ ಹೋಗಿಬರುತ್ತಿದ್ದ ಅವರಿಗೆ ಅಲ್ಲಿಯ ವೈನಿನ ರುಚಿ ಹತ್ತಿತು. ಅದನ್ನು ಕೊಂಡು ತಂದು ಕುಡಿಯುವುದು ಸುಲಭವಿತ್ತು. ಅವರು ಮಾತ್ರ ಇಲ್ಲಿಯೇ ಬೆಳೆದು ನೋಡಬೇಕೆಂದು ಹೊರಟರು. ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಎಂಬ ತಜ್ಞರನ್ನು ಕರೆಸಿ, ಫ್ರಾನ್ಸಿನ ತಳಿಗಳನ್ನು ತರಿಸಿ, ಬೇರೆ ಬೇರೆ ಕಡೆ ನೆಟ್ಟು ವರ್ಷಗಟ್ಟಲೆ ಪರೀಕ್ಷೆ ಮಾಡಿ ಕೊನೆಗೆ ನಂದಿಯ ನೆಲವನ್ನು ಆರಿಸಿದರು. 1988ರಲ್ಲಿ ತೋಟದ ಕಂಪನಿಯಾಯಿತು, 1992ರಲ್ಲಿ ಮೊದಲ ವೈನ್ ಹೊರಬಂತು. ತೊಂಬತ್ತರ ದಶಕದ ನಡುವೆ ಬೋರ್ಡೋ ಸೀಮೆಯ ಹೆಸರಾಂತ ಸಲಹೆಗಾರ ಮಿಶೆಲ್ ರೋಲಾಂ ಇಲ್ಲಿಗೆ ಬಂದರು. 2012ರಲ್ಲಿ ಈ ಸಂಸ್ಥೆ ನಾಸಿಕ್ ಕಡೆಯ ಇನ್ನೊಂದು ಸಂಸ್ಥೆಯೊಡನೆ ಕೂಡಿ ಗ್ರೋವರ್ ಜಂಪಾ ಆಯಿತು. ಲಾ ರಿಸರ್ವ್ ಎಂಬುದು ಕ್ಯಾಬರ್ನೆ ಸೊವಿನ್ಯೋನ್ ಮತ್ತು ಶಿರಾಜ್ ಎಂಬ ಎರಡು ಕಪ್ಪು ದ್ರಾಕ್ಷಿಗಳ ಬೆರಕೆ. ಓಕ್ ಮರದ ಪೀಪಾಯಿಯಲ್ಲಿ ಇಟ್ಟು ಪಕ್ವ ಮಾಡಿದ್ದು.

ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1478 ಮೀಟರು. ತೋಟವಿರುವುದು ಅಷ್ಟು ಮೇಲೆ ಅಲ್ಲ, ತಪ್ಪಲಿನಲ್ಲಿ. ಆದರೂ ಅಲ್ಲಿಯ ರಾತ್ರಿ ನಮ್ಮ ಶಹಾಪುರದ ರಾತ್ರಿಯಂತಲ್ಲ. ನಮ್ಮಲ್ಲಿ ಬುದ್ಧ ಮಲಗಿದಂತೆ ಕಾಣುವ ಆ ಬೆಟ್ಟದ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ನಡುರಾತ್ರಿಯವರೆಗೂ ಉಗುಳುತ್ತಿರುತ್ತದೆ. ಅಲ್ಲಿ ಹಗಲು ಬಿಸಿಲು, ರಾತ್ರಿ ತಂಪು. ದ್ರಾಕ್ಷಿಗೆ ಬೇಕಾದದ್ದು ಅದೇ. ಹಗಲಿನ ಬಿಸಿಲಿಗೆ ಸಕ್ಕರೆ ಕೂಡುತ್ತದೆ, ರಾತ್ರಿಯ ತಂಪಿಗೆ ಹುಳಿ ಉಳಿಯುತ್ತದೆ. ಹುಳಿ ಇಲ್ಲದ ವೈನು, ಹುಣಸೆ ಬೀಳದ ಸಾರಿನ ಹಾಗೆ.

ಆದರೂ ಇದು ಬಳ್ಳಿಗೆ ಸಹಜವಾದ ಸೀಮೆ ಅಲ್ಲ. ಯುರೋಪಿನಲ್ಲಿ ಚಳಿಗಾಲ ಬಂದರೆ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ, ವಸಂತಕ್ಕೆ ಏಳುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಸಲ ಕತ್ತರಿ ಹಾಕಬೇಕು. ವಿಜಯಪುರದ ಕಡೆ ದ್ರಾಕ್ಷಿ ಪಡ ಇರುವ ಮನೆಗೆ ನೆಂಟಸ್ತನ ಮಾಡಿದವರಿಗೆ 'ಚಾಟ್ನಿ' ಎಂಬ ಮಾತು ಗೊತ್ತು. ಏಪ್ರಿಲ್ ಹೊತ್ತಿಗೆ ಒಂದು ಚಾಟ್ನಿ, ಅಕ್ಟೋಬರ್ ಹೊತ್ತಿಗೆ ಒಂದು ಚಾಟ್ನಿ. ಮೊದಲನೆಯದು ಬಳ್ಳಿ ಬೆಳೆಯಲೆಂದು, ಎರಡನೆಯದು ಹಣ್ಣು ಹಿಡಿಯಲೆಂದು. ಮಳೆ ದೂರವಾದ ಮೇಲೆ, ಬೇಸಿಗೆ ಏರುವ ಮೊದಲು ಕೊಯ್ಲು. ನಿದ್ದೆ ಬಾರದ ಬಳ್ಳಿಯನ್ನು ಹೀಗೆ ಕತ್ತರಿಯ ಮಾತಿನಿಂದಲೇ ಮಲಗಿಸಿ ಎಬ್ಬಿಸುವ ಕೆಲಸ ಯಾವ ಫ್ರೆಂಚ್ ಪುಸ್ತಕದಲ್ಲೂ ಇರಲಾರದು. ಅದು ಇಲ್ಲಿಯವರು ಇಲ್ಲಿಯ ಬಿಸಿಲಿನಲ್ಲಿ ನಿಂತು ಕಲಿತದ್ದು.

ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ, ಅದು ಕಸಿ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸರಾ ಎಂಬ, ಬೇರು ತಿನ್ನುವ ಸಣ್ಣ ಹೇನೊಂದು ಫ್ರಾನ್ಸಿನ ತೋಟಗಳನ್ನು ಒಣಗಿಸತೊಡಗಿತು. ಅದು ಪೋರ್ಚುಗಲ್ಲಿಗೂ ಹಬ್ಬಿತು. ಮದ್ದು ಸಿಗಲಿಲ್ಲ. ಕೊನೆಗೆ ಸಿಕ್ಕ ಉಪಾಯವೆಂದರೆ ಆ ಹೇನನ್ನು ತಾಳಿಕೊಳ್ಳಬಲ್ಲ ಅಮೆರಿಕದ ಕಾಡು ಬಳ್ಳಿಯ ಬೇರಿಗೆ ಯುರೋಪಿನ ಬಳ್ಳಿಯನ್ನು ಕಸಿ ಕಟ್ಟುವುದು. ಇಂದಿಗೂ ಅಲ್ಲಿಯ ದೊಡ್ಡ ದೊಡ್ಡ ಹೆಸರಿನ ವೈನುಗಳಲ್ಲಿ ಹೆಚ್ಚಿನವು ಪರದೇಶದ ಬೇರಿನ ಮೇಲೆಯೇ ನಿಂತಿವೆ. ನಮ್ಮ ಉತ್ತರ ಕರ್ನಾಟಕದ ರೈತರೂ ಉಪ್ಪು ನೀರನ್ನೂ ಬರವನ್ನೂ ತಾಳಲೆಂದು ಡಾಗ್‌ರಿಜ್ ಎಂಬ ಅಮೆರಿಕದ ಬೇರಿಗೆ ಕಸಿ ಕಟ್ಟುತ್ತಾರೆ. ಆದ್ದರಿಂದ "ಇದು ನಮ್ಮದಲ್ಲ, ಫ್ರಾನ್ಸಿನದು" ಎಂದು ಮೂಗು ಮುರಿಯುವುದು ವಿಮರ್ಶೆಯಾಗಲಾರದು. ಬಿ. ಎಂ. ಶ್ರೀಯವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಬಂದಾಗ ಅದೂ ಕಸಿಯೇ ಆಗಿತ್ತಲ್ಲವೆ? ಪರದೇಶದ ಕೊಂಬೆ, ಕನ್ನಡದ ಬೇರು. ಕಸಿಯನ್ನು ವಿಮರ್ಶಿಸುವವರು ಕೇಳಬೇಕಾದ ಪ್ರಶ್ನೆ ಕೊಂಬೆ ಎಲ್ಲಿಯದು ಎಂಬುದಲ್ಲ. ಕಸಿ ಹತ್ತಿತೋ ಇಲ್ಲವೋ, ಅದು ಈ ನೆಲದ ಮಾತನ್ನು ಆಡುತ್ತದೋ ಇಲ್ಲವೋ ಎಂಬುದು.

ರುಚಿ ನೋಡದೆ ಅಡಿಗೆಯ ಬಗ್ಗೆ ಬರೆಯುವಂತಿಲ್ಲ. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗಳ ಮನೆಯಲ್ಲಿ ಎರಡು ಸಂಜೆ ಇದನ್ನು ಸ್ವಲ್ಪ ಸ್ವಲ್ಪ ಕುಡಿದು ನೋಡಿದೆ. "ಅತ್ತಿ, ಔಷಧ ಕುಡಿದಂಗ ಕಣ್ಣು ಮುಚ್ಚಿ ನುಂಗಬ್ಯಾಡ್ರಿ, ಬಾಯಾಗ ಹಿಡೀರಿ" ಎಂದು ಅವಳು ಹೇಳಿದಳು. ಬಣ್ಣ ಕಡುಗೆಂಪು, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಇಟ್ಟಿಗೆಯ ಬಣ್ಣ. ಕಪ್ಪು ದ್ರಾಕ್ಷಿಯ ರಸ ಹಿಂಡಿದರೆ ಬಣ್ಣವಿರುವುದಿಲ್ಲ. ಸಿಪ್ಪೆಯ ಸಮೇತ ಹುದುಗು ಬರಿಸಿದ್ದರಿಂದ ಈ ಕೆಂಪು. ಹುದುಗಿನ ಕ್ರಿಯೆ ಅಂಬಲಿ ಹುಳಿಯಿಸುವ, ದೋಸೆಯ ಹಿಟ್ಟು ಉಬ್ಬಿಸುವ ನಮ್ಮ ಕೈಗೆ ಅಪರಿಚಿತವಲ್ಲ. ದ್ರಾಕ್ಷಿಯ ಸಕ್ಕರೆಯನ್ನು ಈಸ್ಟ್ ಎಂಬ ಸೂಕ್ಷ್ಮಜೀವಿ ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ನಮ್ಮ ಸೆಖೆಯಲ್ಲಿ ಹಿಟ್ಟು ಬೇಗ ಹುಳಿಯಾಗುವಂತೆ ಇದೂ ಅವಸರ ಮಾಡುತ್ತದೆ. ಆದ್ದರಿಂದ ತಂಪು ಮಾಡಿದ ಸ್ಟೀಲಿನ ಹಂಡೆಗಳು ಬೇಕಾಗುತ್ತವೆ.

ಬಾಯಲ್ಲಿ ಮೊದಲು ತಿಳಿದದ್ದು ಹುಳಿ. ಅದರ ಹಿಂದೆಯೇ ನೇರಳೆ ಹಣ್ಣು. ಬಹಳ ಹಣ್ಣಾಗಿ ನೆಲಕ್ಕೆ ಬಿದ್ದದ್ದಲ್ಲ, ಮರದಲ್ಲೇ ಇದ್ದದ್ದು. ಆಮೇಲೆ ನಾಲಿಗೆಯೂ ವಸಡೂ ಬಿಗಿದುಕೊಂಡವು. ಇಂಗ್ಲಿಷಿನಲ್ಲಿ ಇದನ್ನು ಟ್ಯಾನಿನ್ ಎನ್ನುತ್ತಾರೆ. ಅದು ವಸ್ತುವಿನ ಹೆಸರೇ ಹೊರತು ರುಚಿಯ ಹೆಸರಲ್ಲ. ರುಚಿಯ ಹೆಸರು ನಮ್ಮಲ್ಲಿದೆ, ಒಗರು. ಷಡ್ರಸಗಳಲ್ಲಿ ಅದಕ್ಕೆ ಪೂರ್ತಿ ಒಂದು ಸ್ಥಾನವೇ ಉಂಟು. ಅಡಕೆಯ ಒಗರು ಬೇರೆ, ಬಾಳೆಕಾಯಿಯ ಒಗರು ಬೇರೆ, ನೇರಳೆಯ ಒಗರು ಬೇರೆ, ಹಾಲಿಲ್ಲದ ಗಟ್ಟಿ ಚಹಾದ ಒಗರು ಬೇರೆ ಎಂದು ನಮ್ಮ ಮನೆಯ ಎಂಟು ವರ್ಷದ ಹುಡುಗಿಯೂ ಹೇಳಬಲ್ಲಳು. ಈ ವೈನಿನ ಒಗರು ನೇರಳೆಯಲ್ಲಿ ಶುರುವಾಗಿ ಚಹಾದಲ್ಲಿ ಮುಗಿಯುತ್ತದೆ. ಗಂಟಲಿನ ಹತ್ತಿರ ಕರಿಮೆಣಸಿನ ಒಂದು ಎಳೆ. ಇದು ನನ್ನ ಕಲ್ಪನೆಯೇನೋ ಎಂದುಕೊಂಡಿದ್ದೆ, ಅಲ್ಲವಂತೆ. ಕರಿಮೆಣಸಿಗೆ ಆ ವಾಸನೆ ಕೊಡುವ ರೊಟುಂಡೋನ್ ಎಂಬ ಅದೇ ವಸ್ತು ಶಿರಾಜ್ ದ್ರಾಕ್ಷಿಯಲ್ಲೂ ಇದೆಯೆಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ್ದಾರೆ.

ಎರಡನೆಯ ಸಂಜೆ, ಗಾಳಿಯಾಡಿದ ಮೇಲೆ, ಒಗರು ಮೆತ್ತಗಾಗಿತ್ತು. ಪೀಪಾಯಿಯ ಮರದಿಂದ ಬಂದ ವೆನಿಲಾದ ಕಂಪು ಮೇಲೆದ್ದಿತ್ತು. ನನ್ನ ರುಚಿಗೆ ಹೇಳುವುದಾದರೆ ಹಣ್ಣಿನ ಮಾತು ನಡೆದಿರುವಾಗ ಆ ಮರ ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತದೆ. ಸಭೆಯಲ್ಲಿ ಅಧ್ಯಕ್ಷರ ಭಾಷಣ ಉದ್ದವಾದ ಹಾಗೆ. ಉಳಿದಂತೆ ಇದು ತೂಕ ತಪ್ಪದ ಕೆಲಸ. ಹುಳಿ, ಒಗರು, ಹಣ್ಣು ಮೂರೂ ಒಂದನ್ನೊಂದು ತುಳಿಯದೆ ನಿಲ್ಲುತ್ತವೆ. ಸಿಹಿಯನ್ನು ನೆಚ್ಚಿಕೊಂಡಿಲ್ಲ. ನಿದ್ದೆಯಿಲ್ಲದ ಬಳ್ಳಿಯಿಂದ, ಹದಿಮೂರು ಡಿಗ್ರಿ ಅಕ್ಷಾಂಶದ ಬಿಸಿಲಿನಿಂದ ಈ ತಂಪಾದ ಹುಳಿಯನ್ನು ಉಳಿಸಿಕೊಂಡದ್ದು ಸಣ್ಣ ಸಾಧನೆಯಲ್ಲ. ಕಸಿ ಹತ್ತಿದೆ, ಅದರಲ್ಲಿ ಅನುಮಾನವಿಲ್ಲ.

ಆದರೆ ಮಾತು? ಇಂಥ ವೈನುಗಳ ರುಚಿಯನ್ನು ವರ್ಣಿಸುವವರು ಬ್ಲಾಕ್‌ಬೆರಿ, ಕ್ಯಾಸಿಸ್, ಸಿಗಾರ್ ಪೆಟ್ಟಿಗೆ ಎಂದೆಲ್ಲ ಬರೆಯುತ್ತಾರೆ. ಈ ಹಣ್ಣುಗಳನ್ನು ನಾನು ತಿಂದಿಲ್ಲ, ನೀವೂ ತಿಂದಿರಲಾರಿರಿ. ಸಿಗಾರ್ ಪೆಟ್ಟಿಗೆಯನ್ನಂತೂ ಮೂಸಿಲ್ಲ. ನೇರಳೆ, ಕಾರೆಹಣ್ಣು, ಹುಣಸೆ, ಮೊದಲ ಮಳೆಗೆ ಮಣ್ಣು ಬಿಡುವ ವಾಸನೆ, ಇವು ನಮ್ಮ ಅಳತೆಗೋಲುಗಳು. ಇನ್ನು ಹೆಸರು. 'ಲಾ ರಿಸರ್ವ್' ಎಂದರೆ ಬೇರೆಯಾಗಿ ತೆಗೆದಿಟ್ಟದ್ದು. ಇದಕ್ಕೆ ನಮ್ಮಲ್ಲಿ ಎಷ್ಟು ಚೆಂದದ ಮಾತಿದೆ, ಮೀಸಲು. ಮೊದಲ ಬೆಣ್ಣೆ ಮೀಸಲು, ಮೊದಲ ತೆನೆ ಮೀಸಲು. ಕನ್ನಡದ ನೆಲದ ಹಣ್ಣು, ಕನ್ನಡದ ನೀರು, ಕನ್ನಡ ಆಡುವ ಕೈಗಳ ಕೊಯ್ಲು, ಇಷ್ಟೆಲ್ಲ ಆಗಿ ಕೊನೆಗೆ ಹೆಸರಿಡುವ ದಿನ ಮಾತ್ರ ಫ್ರಾನ್ಸಿನ ಭಟ್ಟರನ್ನು ಕರೆಸಿದ ಹಾಗಾಗಿದೆ.

ಇದು ಕೇವಲ ಭಾಷಾಭಿಮಾನದ ಮಾತು ಎಂದು ಯಾರಾದರೂ ಅಂದಾರು. ಅಂಥವರಿಗೆ ಪೋರ್ಚುಗಲ್ಲಿನ ಒಂದು ಬಾಟಲಿಯ ಕಥೆ ಹೇಳಬೇಕು. ಗೋವೆಯನ್ನು ನಾನೂರೈವತ್ತು ವರ್ಷ ಆಳಿದ್ದರಿಂದ ಪೋರ್ಚುಗೀಸರ ಹೆಸರು ನಮಗೆ ಗೊತ್ತು. ಗೋವೆಗೆ ಹೋದವರು ತರುವ ಸಿಹಿಯಾದ 'ಪೋರ್ಟ್ ವೈನ್' ಕೂಡ ಗೊತ್ತು. ನಿಜವಾದ ಪೋರ್ಟ್ ಬರುವುದು ಪೋರ್ಚುಗಲ್ಲಿನ ದೋರು ನದಿಯ ಕಣಿವೆಯಿಂದ. ಹುದುಗು ನಡೆದಿರುವಾಗಲೇ ದ್ರಾಕ್ಷಿಯ ಬಟ್ಟಿ ಸಾರಾಯಿ ಬೆರೆಸಿ ಅದನ್ನು ನಿಲ್ಲಿಸುತ್ತಾರೆ, ಹೀಗಾಗಿ ಸಿಹಿ ಉಳಿಯುತ್ತದೆ. ಕಲ್ಲಿನ ಗುಡ್ಡಗಳನ್ನು ಕಡಿದು ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ಆ ಸೀಮೆಗೆ 1756ರಲ್ಲಿಯೇ ಅಲ್ಲಿಯ ಮಂತ್ರಿ ಪೊಂಬಾಲ್ ಗಡಿ ಕಲ್ಲು ಹಾಕಿಸಿ, ಇದರ ಹೊರಗೆ ಬೆಳೆದದ್ದಕ್ಕೆ ಈ ಹೆಸರಿಲ್ಲ ಎಂದು ಕಟ್ಟಳೆ ಮಾಡಿದ. ಊರಿನ ಹೆಸರೇ ಆಸ್ತಿ ಎಂದು ಅಷ್ಟು ಹಿಂದೆಯೇ ತಿಳಿದವರು ಅವರು.

ಆ ಕಣಿವೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ದೊನಾ ಅಂತೋನಿಯಾ ಫೆರೇರಾ ಎಂಬ ಹೆಣ್ಣುಮಗಳಿದ್ದಳು. ಹುಟ್ಟಿದ್ದು 1811, ತೀರಿಕೊಂಡದ್ದು 1896. ಚಿಕ್ಕ ವಯಸ್ಸಿಗೆ ಗಂಡ ತೀರಿಕೊಂಡ ಮೇಲೆ ತೋಟಗಳ ಆಡಳಿತವನ್ನೆಲ್ಲ ಕೈಗೆ ತೆಗೆದುಕೊಂಡಳು. ತೋಟ ಕೊಂಡಳು, ದಾರಿ ಮಾಡಿಸಿದಳು, ಬೇರಿನ ಹೇನು ಬಂದಾಗ ಎದೆಗುಂದದೆ ನಿಂತಳು. 1861ರಲ್ಲಿ ದೋರು ನದಿಯಲ್ಲಿ ಅವಳಿದ್ದ ದೋಣಿ ಮಗುಚಿತು. ಜೊತೆಗಿದ್ದ ಫಾರೆಸ್ಟರ್ ಎಂಬ ಇಂಗ್ಲಿಷ್ ವ್ಯಾಪಾರಿ ಮುಳುಗಿಹೋದ. ಅವಳ ಅಗಲವಾದ ಲಂಗ ನೀರ ಮೇಲೆ ಹರಡಿಕೊಂಡು ಅವಳನ್ನು ತೇಲಿಸಿತು ಎಂದು ಅಲ್ಲಿಯ ಜನ ಕಥೆ ಹೇಳುತ್ತಾರೆ. ಜನ ಪ್ರೀತಿಯಿಂದ ಅವಳನ್ನು ಫೆರೇರಿನ್ಯ ಎಂದರು, ನಾವು ಹೆಸರಿಗೆ 'ಅವ್ವ' ಸೇರಿಸುವ ಹಾಗೆ. ಅದೇ ಹೆಸರಿನಲ್ಲಿ ಇಂದಿಗೂ ವೈನ್ ಬರುತ್ತದೆ.

ಆ ಮನೆತನದ ಸಂಸ್ಥೆಯಲ್ಲಿ ಫೆರ್ನಾಂದೊ ನಿಕೊಲಾವ್ ದ ಅಲ್ಮೇದಾ ಎಂಬಾತ 1952ರಲ್ಲಿ ಒಂದು ಕೆಂಪು ವೈನ್ ಮಾಡಿದ. ಸಿಹಿ ಪೋರ್ಟಿನ ನಾಡಿನಲ್ಲಿ ಸಿಹಿಯಿಲ್ಲದ ವೈನ್. ಅವನೂ ಕಲಿಯಲು ಹೋದದ್ದು ಫ್ರಾನ್ಸಿನ ಬೋರ್ಡೋಗೇ. ಅವನಿಗೂ ಎದುರಾದದ್ದು ಸೆಖೆಯೇ. ತೋಟದಲ್ಲಿ ಕರೆಂಟಿರಲಿಲ್ಲ. ಹುದುಗನ್ನು ತಂಪಾಗಿಡಲು ದೂರದ ಮೀನು ಬಂದರಿನಿಂದ ಲಾರಿಯಲ್ಲಿ ಮಂಜುಗಡ್ಡೆ ತರಿಸಿದನಂತೆ. ವಿದ್ಯೆ ಫ್ರಾನ್ಸಿನದು. ಆದರೆ ದ್ರಾಕ್ಷಿ ತನ್ನ ಕಣಿವೆಯದೇ, ಹೆಸರೂ ತನ್ನ ಭಾಷೆಯದೇ. 'ಬಾರ್ಕ ವೆಲ್ಯ' ಎಂದು ಕರೆದ. ಹಳೆಯ ದೋಣಿ ಎಂದರ್ಥ. ನದಿ ದಾಟಲು ಅಲ್ಲಿದ್ದ ಹಳೆಯ ದೋಣಿಯೊಂದರ ನೆನಪು ಆ ಹೆಸರಿನಲ್ಲಿದೆ. ತಿ೦ಥಣಿಯ ಹತ್ತಿರ ಕೃಷ್ಣೆಯ ದಂಡೆಯಲ್ಲಿ ಹುಟ್ಟಿದ ಪದಾರ್ಥಕ್ಕೆ ಯಾರಾದರೂ 'ಹಳೆ ಹರಿಗೋಲು' ಎಂದು ಹೆಸರಿಟ್ಟರೆ ಹೇಗೋ ಹಾಗೆ. ಅದು ಪ್ರತಿವರ್ಷ ಬರುವುದಿಲ್ಲ. ಎಪ್ಪತ್ತು ವರ್ಷಗಳಲ್ಲಿ ಇಪ್ಪತ್ತರ ಆಸುಪಾಸು ಸಲವಷ್ಟೇ ಬಂದಿದೆ. ವರ್ಷಗಟ್ಟಲೆ ಕಾದು, ರುಚಿ ನೋಡಿ, ಮಟ್ಟಕ್ಕೆ ಬಂದಿಲ್ಲವೆನಿಸಿದರೆ ಅದಕ್ಕೆ ಕೆಳಗಿನ ದರ್ಜೆಯ ಹೆಸರು ಕೊಡುತ್ತಾರೆ. ಆ ಕೆಳಗಿನ ಹೆಸರಿನಲ್ಲಿರುವ ಮಾತು ಯಾವುದು ಗೊತ್ತೆ? 'ರಿಸರ್ವಾ'!

ಪರದೇಶದಿಂದ ಕಲಿತವನು ಯಾವಾಗ ಸ್ವಂತದವನಾಗುತ್ತಾನೆ ಎಂಬುದಕ್ಕೆ ಈ ಎರಡು ಬಾಟಲಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು. ನಂದಿಯ ಬಾಟಲಿ ನಮ್ಮ ನೆಲ ಏನು ಮಾಡಬಲ್ಲದೆಂದು ತೋರಿಸಿತು. ದೋರುವಿನ ಬಾಟಲಿ, ಮಾಡಿದ್ದಕ್ಕೆ ಹೆಸರಿಡುವ ಎದೆಗಾರಿಕೆಯನ್ನೂ ತೋರಿಸಿತು. ನಂದಿ ಸೀಮೆಗೆ ತನ್ನದೇ ಎನ್ನಬಹುದಾದ ದ್ರಾಕ್ಷಿ ಇಲ್ಲದೆಯೂ ಇಲ್ಲ. ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಅದನ್ನು ಜ್ಯೂಸಿಗೆ, ಅಗ್ಗದ ಸಿಹಿ ವೈನಿಗೆ ಸಾಕೆಂದು ಬದಿಗಿಟ್ಟಿದ್ದಾರೆ. ಅದರ ವಾಸನೆ ನಾಜೂಕಿನದಲ್ಲ ಎನ್ನುತ್ತಾರೆ ತಿಳಿದವರು. ಇರಬಹುದು. ಆದರೆ ಅದರ ಮೇಲೆ ಕ್ಯಾಬರ್ನೆಯ ಮೇಲೆ ಪಟ್ಟಷ್ಟು ಶ್ರಮ ಯಾರಾದರೂ ಪಟ್ಟಿದ್ದಾರೆಯೆ ಎಂಬ ಪ್ರಶ್ನೆ ಉಳಿಯುತ್ತದೆ.

ನಮ್ಮ ಉತ್ತರದ ಕಡೆಯ ಸ್ಥಿತಿ ಇನ್ನೂ ಬೇರೆ. 2007ರ ನೀತಿಯಲ್ಲಿ ನಂದಿ ಕಣಿವೆಯ ಜೊತೆಗೆ ಕೃಷ್ಣಾ ಕಣಿವೆಯ ಹೆಸರೂ ಇದೆ. ವಿಜಯಪುರದಲ್ಲಿ ಸಾವಿರಾರು ಕುಟುಂಬಗಳು ದ್ರಾಕ್ಷಿಯನ್ನೇ ನಂಬಿವೆ. ಆದರೆ ಅಲ್ಲಿಯ ಹಣ್ಣಿನಲ್ಲಿ ಬಹಳಷ್ಟು ಒಣದ್ರಾಕ್ಷಿಯಾಗಿ ತಾಸಗಾಂವ, ಸಾಂಗ್ಲಿಯ ಪೇಟೆಗೆ ಹೋಗುತ್ತದೆ. ಹೆಸರು ಬೆಳೆದದ್ದೂ ಸಾಂಗ್ಲಿಯದೇ. ಕೊಪ್ಪಳ ಜಿಲ್ಲೆಯ ಹಂಪಿ ಬೆಟ್ಟಗಳ ಸೀಮೆಯಲ್ಲಿ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿಗಳು ಕಟ್ಟಿದ ತೋಟವೊಂದಿದೆ. ಇಬ್ಬರ ಹೆಸರನ್ನೂ ಕೂಡಿಸಿ 'ಕೃಸ್ಮಾ' ಎಂದು ಹೆಸರಿಟ್ಟಿದ್ದಾರೆ. ಕಲ್ಯಾಣ ಕರ್ನಾಟಕದ ನೆಲದ ಬಾಟಲಿಯ ಮೇಲೆ ಒಬ್ಬ ಹೆಂಗಸಿನ ಹೆಸರಿನ ಅರ್ಧವಾದರೂ ಬಂತಲ್ಲ ಎಂದು ನನಗೆ ಸಂತೋಷ. ಆದರೆ ಅರ್ಧ ಬಂದದ್ದು ಒಡತಿಯ ಹೆಸರು. ದ್ರಾಕ್ಷಿಯ ಪಡದಲ್ಲಿ ಗೊಂಚಲು ತೆಳುಮಾಡುವ, ಎಲೆ ತೆಗೆಯುವ, ಕೊಯ್ದು ಬುಟ್ಟಿ ತುಂಬುವ ಕೆಲಸ ನಮ್ಮ ಕಡೆ ಹೆಚ್ಚಾಗಿ ಕೂಲಿಯ ಹೆಣ್ಣುಮಕ್ಕಳದು. ಒಂದು ಕಾಳು ಒಡೆಯದಂತೆ ಗೊಂಚಲು ಹಿಡಿಯುವ ಆ ಬೆರಳುಗಳ ಸೂಕ್ಷ್ಮ ಇಲ್ಲದಿದ್ದರೆ ಯಾವ ಫ್ರೆಂಚ್ ಸಲಹೆಗಾರನ ಜ್ಞಾನವೂ ಪೀಪಾಯಿಯವರೆಗೆ ತಲುಪಲಾರದು. ಅವರ ಹೆಸರು ಯಾವ ಚೀಟಿಯ ಮೇಲೂ ಇರುವುದಿಲ್ಲ.

ಇಷ್ಟು ಹೊಗಳಿದ ಮೇಲೆ ಒಂದು ಮಾತನ್ನು ಮರೆಸುವಂತಿಲ್ಲ. ಚೀಟಿಯ ಮೇಲೆ ಯಾವ ಭಾಷೆಯ ಹೆಸರಿದ್ದರೂ ಒಳಗಿನ ಮದ್ಯಸಾರ ಅದೇ ಮದ್ಯಸಾರ. ಸಾಮಾನ್ಯವಾಗಿ ಕೆಂಪು ವೈನಿನಲ್ಲಿ ಅದು ನೂರಕ್ಕೆ ಹನ್ನೆರಡರಿಂದ ಹದಿನಾಲ್ಕು ಪಾಲು. ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಎಂಬ ಮಾತು ಬಹಳ ಕಾಲ ಓಡಾಡಿತು. ಮದ್ಯ ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧವಾಗಲೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರು ನಡೆದುಹೋದರು. ಅವರಲ್ಲಿ ನಮ್ಮ ರಾಯಚೂರಿನ ಕಡೆಯವರೂ ಇದ್ದರು. ಅವರ ಮುಂದೆ ನಿಂತು ನೇರಳೆ, ಕರಿಮೆಣಸು ಎಂದು ರುಚಿಯ ಮಾತಾಡುವ ಧೈರ್ಯ ನನಗಿಲ್ಲ.

ಆದರೂ ಆ ನಡಿಗೆಗೂ ಈ ವಿಮರ್ಶೆಗೂ ವೈರವಿಲ್ಲ ಎಂದೇ ನನ್ನ ಭಾವನೆ. ಆ ಹೆಣ್ಣುಮಕ್ಕಳು ಕೇಳಿದ್ದು, ನಮ್ಮ ಮನೆಯೊಳಗೆ ಬರುವ ವಸ್ತುವಿನ ಬಗ್ಗೆ ತೀರ್ಪು ಕೊಡುವ ಹಕ್ಕು ನಮಗಿದೆ ಎಂದು. ತೀರ್ಪು ಕೊಡಬೇಕಾದರೆ ವಸ್ತುವನ್ನು ನಮ್ಮ ಮಾತಿನಲ್ಲಿ ಹಿಡಿಯಬೇಕು. ಯಾರು ಮಾಡಿದರು, ಯಾವ ನೆಲದ್ದು, ಯಾರ ಕೈಯ ಕೆಲಸ, ಒಳಗೇನಿದೆ, ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಕೇಳಬೇಕು. ಬೇಡ ಎನ್ನುವವಳೂ ಹೆದರಿ ಬೇಡ ಎನ್ನಬಾರದು, ತಿಳಿದು ಬೇಡ ಎನ್ನಬೇಕು. ಪರದೇಶದ ಹೆಸರಿನ ಬೆರಗಿಗೆ ಸಿಕ್ಕು ಯಾರೂ ಬೇಕು ಎನ್ನಬಾರದು. ಪ್ಯಾಕೀಟಿನ ಸಾರಾಯಿ ಇಂಥ ಯಾವ ಪ್ರಶ್ನೆಗೂ ಉತ್ತರ ಕೊಡಲಿಲ್ಲ. ಲಾ ರಿಸರ್ವ್ ಕೆಲವಕ್ಕೆ ಕೊಡುತ್ತದೆ. ನಂದಿಯ ನೆಲ ಅದರಲ್ಲಿದೆ, ಮಾಡಿದವರ ಶ್ರದ್ಧೆ ಅದರಲ್ಲಿದೆ, ರುಚಿಯಲ್ಲಿ ಮೋಸವಿಲ್ಲ. ನೂರಕ್ಕೆ ಅರವತ್ತೈದು ಅಂಕ ಕೊಡುತ್ತೇನೆ, ಪ್ರಥಮ ದರ್ಜೆ. ಉಳಿದ ಅಂಕಗಳನ್ನು ಕೊಯ್ಲಿನ ಕೈಗಳ ಹೆಸರಿಗೆ, ಮತ್ತು ಒಗರನ್ನು ಒಗರೆಂದೇ ಕರೆಯುವ ದಿನಕ್ಕೆ ಮೀಸಲು ಇಟ್ಟಿದ್ದೇನೆ.